ನಲವತ್ತನೆಯ ಮೆಟ್ಟಿಲು

ಊರಿನಲ್ಲಿ ಯಾರ ಮನೆಯಲ್ಲಿ ಸಾವಾದರೂ ಷಣ್ಮುಖಪ್ಪ ಮೇಷ್ಟ್ರು ಹೋಗಿ ಕೂರುತ್ತಿದ್ದರು. ಅಳುವವರ ನಡುವೆ ಜಮಖಾನೆಯ ಮೇಲೆ ಕುಳಿತು, ಕೊರಳ ಲಿಂಗವನ್ನು ಅಂಗೈಯಲ್ಲಿ ಹಿಡಿದುಕೊಂಡು, ಪ್ರತಿಸಲವೂ ಅದೇ ಮಾತು ಹೇಳುತ್ತಿದ್ದರು: “ಲಿಂಗ ಕಟ್ಟಿದೋರಿಗೆ ಸೂತಕ ಇಲ್ರಪ್ಪ. ಒಲೆ ಹಚ್ರಿ, ಮಕ್ಕಳಿಗೆ ಉಣ್ಣಾಕೆ ಇಕ್ರಿ. ದೇವರ ಬಾಗಿಲು ಮುಚ್ಚಬ್ಯಾಡ್ರಿ.” ಆ ಮಾತಿನಿಂದ ಎಷ್ಟೋ ಮನೆಗಳಲ್ಲಿ ಒಲೆ ಹೊತ್ತಿತ್ತು. ಚನ್ನಗಿರಿಯ ಆಸುಪಾಸಿನ ಹತ್ತಾರು ಹಳ್ಳಿಗಳಲ್ಲಿ ಮೇಷ್ಟ್ರ ಮಾತಿಗೆ ಅಷ್ಟು ತೂಕವಿತ್ತು.

ಆ ಮಾತು ತಮ್ಮ ಮನೆಗೇ ಬೇಕಾದ ದಿನ ಅವರ ಬಾಯಿಂದ ಹೊರಡಲಿಲ್ಲ.

ಅವರ ಪತ್ನಿ ಸರ್ವಮಂಗಳಮ್ಮನವರು ಕಾರ್ತಿಕ ಕಳೆದ ಮೂರನೆಯ ದಿನ, ಸಂಜೆ, ಒಲೆಯ ಮೇಲೆ ಹಾಲಿಟ್ಟು ಸಕ್ಕರೆ ಡಬ್ಬಿಗೆ ಕೈ ಚಾಚಿದವರು ಅಲ್ಲೇ ಕುಸಿದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹೃದಯ ನಿಂತಿದೆ ಎಂದರು. “ಮೊದ್ಲೇ ಏದುಸಿರು, ಎದೆನೋವು ಅಂತ ಏನಾದ್ರೂ ಹೇಳ್ತಿದ್ರಾ?” ಎಂದು ಡಾಕ್ಟರು ಕೇಳಿದಾಗ ಮಗ ವಿನಯ್ ಕುಮಾರ್ ತಂದೆಯ ಮುಖ ನೋಡಿದ. ತಂದೆ ಸೊಸೆ ರೂಪಶ್ರೀಯ ಮುಖ ನೋಡಿದರು. ಯಾರಿಗೂ ಗೊತ್ತಿರಲಿಲ್ಲ. “ಗಟ್ಟಿಮುಟ್ಟಾಗಿದ್ಲು ಡಾಕ್ಟ್ರೆ. ದಿನಾ ಗುಡ್ಡ ಹತ್ತತಿದ್ಲು,” ಎಂದಷ್ಟೇ ಮೇಷ್ಟ್ರು ಹೇಳಿದರು.

ಮಾರನೆಯ ಬೆಳಗ್ಗೆ ಮೊಮ್ಮಗಳು ಸಂಧ್ಯಾರಾಣಿಯನ್ನು ಕಾರು ಮಾಡಿ ಜಗಳೂರು ಸೀಮೆಯ ಬಿಳಿಚೋಡಿಗೆ, ರೂಪಶ್ರೀಯ ತವರುಮನೆಗೆ ಕಳಿಸಿದರು. ಜನ ಸೇರುತ್ತಾರೆ, ಭಜನೆಯವರು ತಾಳ ಹೊಡೆಯುತ್ತಾರೆ, ಹುಡುಗಿ ಸದ್ದಿಗೆ ಬೆದರಿ ಕಿರುಚಿದರೆ ಏನು ಮಾಡುವುದು ಎಂಬ ಯೋಚನೆ. ಹಾಗಾಗಿ ಅಜ್ಜಿಯನ್ನು ವಿಭೂತಿ ಹಚ್ಚಿ ಕೂರಿಸಿದ್ದನ್ನಾಗಲಿ, ಹೊಲದ ಬದುವಿನಲ್ಲಿ ಗದ್ದುಗೆ ಮಾಡಿದ್ದನ್ನಾಗಲಿ ಆ ಮಗು ನೋಡಲಿಲ್ಲ.

ಮಣ್ಣು ಮುಗಿಸಿ ಕೈಕಾಲು ತೊಳೆಯುತ್ತಿದ್ದಾಗ ಗುಡ್ಡದ ದೇವಸ್ಥಾನದ ಸಮಿತಿಯ ಬಸವರಾಜಪ್ಪನವರು ಮೇಷ್ಟ್ರ ಪಕ್ಕಕ್ಕೆ ಬಂದು ನಿಂತರು.

“ಮೇಷ್ಟ್ರೆ, ಈಗ ಹೇಳೋ ಮಾತಲ್ಲ. ಆದ್ರೂ ಹೇಳ್ಬೇಕು. ಹನ್ನೊಂದನೇ ದಿನದ ಆರಾಧನೆ ಆಗೋತಂಕ ನಿಮ್ಮನೆ ಅಗ್ಗಣಿ ಬ್ಯಾಡ. ನಂಗೇನಿಲ್ಲ, ಜನ ಆಡ್ಕೊಂತಾರೆ. ಸಾವಿನ ಮನೆ ನೀರು ಲಿಂಗದ ಮ್ಯಾಲೆ ಹಾಕಿದ್ರು ಅಂತಾರೆ.”

ಮೇಷ್ಟ್ರಿಗೆ ಉತ್ತರ ಗೊತ್ತಿತ್ತು. ಮೂವತ್ತು ವರ್ಷ ಅದನ್ನೇ ಹೇಳಿದ್ದರು. ಆದರೆ ಅಂದು ಅವರ ಕೈಯಲ್ಲಿ ಇನ್ನೂ ಗದ್ದುಗೆಯ ಮಣ್ಣಿತ್ತು, ವಾದಿಸುವ ತ್ರಾಣವಿರಲಿಲ್ಲ. ಹನ್ನೊಂದು ದಿನ ತಾನೇ, ಇಷ್ಟು ದಿನ ಕೃಪೆ ಮಾಡಿದ ದೇವರು ಹನ್ನೊಂದು ದಿನ ಕಾಯಲಾರನೇ ಎಂದುಕೊಂಡರು. “ಆಗ್ಲಿ ಬಿಡ್ರಿ,” ಎಂದುಬಿಟ್ಟರು.

ಆ ಒಂದು ಮಾತಿಗೆ ಮಗು ತೆತ್ತದ್ದು ತಿಳಿಯಬೇಕಾದರೆ ಅಗ್ಗಣಿಯ ವಿಷಯ ಹೇಳಬೇಕು.

ಸಂಧ್ಯಾರಾಣಿಗೆ ಹನ್ನೊಂದು ವರ್ಷ. ಮೂರು ತುಂಬಿದರೂ ಮಾತು ಬಾರದಿದ್ದಾಗ ಶಿವಮೊಗ್ಗದ ಡಾಕ್ಟರು ಪರೀಕ್ಷಿಸಿ ಆಟಿಸಂ ಎಂದಿದ್ದರು. ಹುಡುಗಿ ಕರೆದರೆ ತಿರುಗುತ್ತಿರಲಿಲ್ಲ. ಮಿಕ್ಸಿಯ ಸದ್ದಿಗೆ ಕಿವಿ ಮುಚ್ಚಿಕೊಂಡು ಬೀದಿಗೆ ಓಡುತ್ತಿದ್ದಳು. ಬಾಗಿಲಿನ ಚಿಲಕವನ್ನು ಅವಳ ಕೈಗೆ ಎಟುಕದಷ್ಟು ಮೇಲೆ ಹಾಕಿಸಿದ್ದರು. ನಿದ್ರೆಯೆಂಬುದು ಮೂರು ಗಂಟೆ ಬಂದರೆ ಹೆಚ್ಚು. ಏನೋ ಒಳಗೆ ಕುದಿಯುವಂತಾದಾಗ ಗೋಡೆಗೆ ಹಣೆ ಚಚ್ಚಿಕೊಳ್ಳುತ್ತಿದ್ದಳು. ನಡುಮನೆಯ ಗೋಡೆಯಲ್ಲಿ ಅವಳ ಎತ್ತರಕ್ಕೆ ಸುಣ್ಣ ಉದುರಿದ ಒಂದು ಗುರುತಿತ್ತು. ಅವಳು ಬೆಳೆದ ಹಾಗೆ ಆ ಗುರುತೂ ಮೇಲೇರಿತ್ತು. ಅವಳನ್ನು ನೋಡಿಕೊಳ್ಳಲು ರೂಪಶ್ರೀ ನ್ಯಾಮತಿಯ ಕಚೇರಿಯ ಕೆಲಸ ಬಿಟ್ಟಿದ್ದಳು. ವಿನಯ್ ಅಡಿಕೆ ಮಂಡಿಯಲ್ಲಿ ತೂಕದವನಾಗಿ ದುಡಿದು ಬಂದವನು ಊಟದ ತಟ್ಟೆಯ ಮುಂದೆಯೇ ತೂಕಡಿಸುತ್ತಿದ್ದ.

ಎರಡು ವರ್ಷದ ಹಿಂದೆ ಶಿಕ್ಷಣ ಇಲಾಖೆಯಿಂದ ಇಂಥ ಮಕ್ಕಳ ಮನೆಗೇ ಬಂದು ಕಲಿಸುವ ಸುನಿತಾ ಮೇಡಂ ಬಂದರು. ಮಗುವನ್ನು ನಾಲ್ಕು ಸಲ ಬಂದು ನೋಡಿದ ಮೇಲೆ ಚಿತ್ರಗಳಿದ್ದ ಒಂದು ಹಾಳೆಯನ್ನು ಬಿಡಿಸಿ ಹೇಳಿದರು: “ಅಕ್ಷರ ಆಮೇಲೆ ನೋಡೋಣ. ಮೊದ್ಲು ಇವಳ ಮೈಗೆ ಕೆಲಸ ಬೇಕು. ಹತ್ತೋದು, ಜಿಗಿಯೋದು, ಭಾರ ಎತ್ತೋದು, ತಳ್ಳೋದು. ಮೈ ದಣಿದ್ರೆ ತಲೆ ತಣ್ಣಗಾಗ್ತೈತೆ, ನಿದ್ದೆ ಬರ್ತೈತೆ. ಕೈಕಾಲು ಎಲ್ಲದಾವೆ ಅಂತ ಅವಳಿಗೇ ಗೊತ್ತಾಗ್ತೈತೆ.”

ಹಾಳೆಯಲ್ಲಿ ದೊಡ್ಡ ಚೆಂಡು, ಜಿಗಿಯುವ ಬಲೆ, ಏನೇನೋ ಇತ್ತು. ಸರ್ವಮಂಗಳಮ್ಮ ಕನ್ನಡಕ ಏರಿಸಿ ಎಲ್ಲವನ್ನೂ ನೋಡಿ, “ಇವ್ಯಾವೂ ನಮ್ಮತ್ರ ಇಲ್ಲ ಕಣವ್ವಾ. ಗುಡ್ಡಕ್ಕೆ ಅಗ್ಗಣಿ ಹೊರಿಸಿದ್ರೆ ಆಗ್ತೈತಾ?” ಎಂದು ಕೇಳಿದರು.

ಅಗ್ಗಣಿ ಎಂದರೆ ದೇವರ ಅಭಿಷೇಕಕ್ಕೆ ಬಾವಿಯಿಂದ ಹೊತ್ತು ತರುವ ನೀರು. ಊರಂಚಿನ ಗುಡ್ಡದ ಮೇಲೆ ಕಲ್ಲೇಶ್ವರನ ಗುಡಿ; ಬುಡದಲ್ಲಿ ಬಾವಿ; ನಡುವೆ ಅರವತ್ತನಾಲ್ಕು ಮೆಟ್ಟಿಲು. ಹಿಂದೆ ಮನೆಗೊಬ್ಬರಂತೆ ನೀರು ಹೊರುತ್ತಿದ್ದರು. ಗುಡಿಗೆ ನಲ್ಲಿ ಬಂದ ಮೇಲೆ ಆ ಪದ್ಧತಿ ಬಿಟ್ಟುಹೋಗಿತ್ತು.

ಸುನಿತಾ ನಕ್ಕುಬಿಟ್ಟರು. “ಅದಕ್ಕಿಂತ ಒಳ್ಳೇದು ಏನೈತೆ ಅಜ್ಜಿ? ಹತ್ತೋದೂ ಆತು, ಹೊರೋದೂ ಆತು. ಆದ್ರೆ ದಿನಾ ಒಂದೇ ಹೊತ್ತಿಗೆ, ಒಂದೇ ದಾರೀಲಿ. ತಪ್ಪಿಸ್ಬಾರ್ದು.”

ಮೊದಲ ದಿನ ಎರಡು ಪುಟ್ಟ ಹಾಲಿನ ಕ್ಯಾನುಗಳಲ್ಲಿ ಒಂದೊಂದು ಲೋಟ ನೀರು. ಐದನೆಯ ಮೆಟ್ಟಿಲಿನಲ್ಲಿ ಹುಡುಗಿ ಎರಡನ್ನೂ ಎಸೆದಳು. ಅಜ್ಜಿ ಇಳಿದು ಹೋಗಿ ಮತ್ತೆ ತುಂಬಿಸಿಕೊಂಡು ಬಂದರು. ಎಂಟನೆಯ ದಿನ ಹತ್ತು ಮೆಟ್ಟಿಲು. ಗುಡಿಯ ಬಾಗಿಲು ಮುಟ್ಟಲು ಎರಡು ತಿಂಗಳು ಹಿಡಿಯಿತು. ಬಾವಿಕಟ್ಟೆಯ ಮೇಲೆ ಬಟ್ಟೆ ಒಗೆಯುವ ಕರಿಯಕ್ಕ ದಿನವೂ ಚುಚ್ಚುತ್ತಿದ್ದಳು: “ಏನ್ ಸರ್ವಕ್ಕಾ, ಕೂಸಿನ ಕೈಲಿ ಜೀತ ಮಾಡಿಸ್ತೀಯಲ್ಲ, ಪುಣ್ಯ ಎಲ್ಲಾ ನೀನೇ ಹೊಡ್ಕಂತೀಯೇನು?”

“ಅರ್ಧ ನಿಂಗೂ ಕೊಡ್ತೀನಿ, ಬಾರೇ. ಒಂದು ಕ್ಯಾನ್ ಹಿಡ್ಕ.”

“ನಂಗ್ಯಾಕವ್ವಾ, ನನ್ನ ಪಾಪಕ್ಕೆ ಅರವತ್ತನಾಲ್ಕು ಮೆಟ್ಲು ಸಾಲಲ್ಲ!”

ಮೇಷ್ಟ್ರೂ ಮೊದಲಿಗೆ ಗೊಣಗಿದವರೇ. ಹುಡುಗಿ ಪೂಜೆಯ ಹೊತ್ತಿಗೆ ತಮ್ಮ ಎದುರು ಕಣ್ಣು ಮುಚ್ಚಿ ಕೂತರೆ ಮನಸ್ಸು ನಿಲ್ಲುತ್ತದೆ ಎಂದು ಅವರ ಎಣಿಕೆ. ಎಷ್ಟೋ ಸಲ ಭುಜ ಅದುಮಿ ಕೂರಿಸಿ, ಕೈ ಕಚ್ಚಿಸಿಕೊಂಡಿದ್ದರು. ಆದರೆ ದೇವರ ನೀರು ಎಂದ ಮೇಲೆ ಬೇಡವೆನ್ನುವುದು ಹೇಗೆ? ಸುಮ್ಮನಾದರು.

ಆರು ತಿಂಗಳು ಕಳೆಯುವಷ್ಟರಲ್ಲಿ ಮನೆಯ ಹವೆಯೇ ಬದಲಾಯಿತು. ಎಂಟು ಗಂಟೆಗೆ ಮಲಗಿದ ಹುಡುಗಿ ಕೋಳಿ ಕೂಗುವವರೆಗೆ ಏಳುತ್ತಿರಲಿಲ್ಲ. ತಟ್ಟೆಯ ಮುಂದೆ ಕೂತು ಒಂದು ರೊಟ್ಟಿ ಪೂರ್ತಿ ತಿನ್ನುತ್ತಿದ್ದಳು. ಹಣೆಯ ಗಾಯ ಮಾಯ್ದು ಹೊಸ ಚರ್ಮ ಬಂತು. ಸುನಿತಾ ಮೇಡಂ ತಂದ ಮಣಿಗಳನ್ನು ಕಾಲು ಗಂಟೆ ಕೂತು ಪೋಣಿಸಿದಳು. ರೂಪಶ್ರೀ ಮತ್ತೆ ನ್ಯಾಮತಿಯ ಬಸ್ಸು ಹತ್ತಿದಳು. ಮೇಷ್ಟ್ರು ಕಲ್ಲೇಶ್ವರನ ಭಾವಚಿತ್ರದ ಮುಂದೆ ಕಣ್ಣೀರು ಹಾಕಿದರು. ದೇವರ ಕೃಪೆ ಎಂಬುದರಲ್ಲಿ ಅವರಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

ಕಳೆದ ಶ್ರಾವಣದ ಒಂದು ಸೋಮವಾರ ಅದಕ್ಕಿಂತ ದೊಡ್ಡದು ನಡೆಯಿತು. ಸರ್ವಮಂಗಳಮ್ಮ ಮೆಟ್ಟಿಲುಗಳನ್ನು ಗಟ್ಟಿಯಾಗಿ ಎಣಿಸುತ್ತ, ತಾವೂ ಒಂದು ಕ್ಯಾನು ಹಿಡಿದು ಹತ್ತುತ್ತಿದ್ದರು. ಅಂದು ರಜೆಯಿದ್ದ ರೂಪಶ್ರೀ ಹಿಂದೆ ಬರುತ್ತಿದ್ದಳು. ಮೂವತ್ತೊಂಬತ್ತು, ನಲವತ್ತು ಎಂದ ಅಜ್ಜಿ ಅಲ್ಲಿಗೆ ನಿಲ್ಲಿಸಿದರು. ಒಂದು ಗಳಿಗೆ ಸದ್ದಿಲ್ಲ. ಮುಂದೆ ನಿಂತಿದ್ದ ಹುಡುಗಿ ತಿರುಗದೆಯೇ ಹೇಳಿದಳು: “ನಲವತ್ತೊಂದು.”

ಹನ್ನೊಂದು ವರ್ಷದ ಬಾಯಿಯ ಮೊದಲ ಮಾತು. ರೂಪಶ್ರೀ ಅಲ್ಲೇ ಮೆಟ್ಟಿಲ ಮೇಲೆ ಕೂತು ಗಳಗಳನೆ ಅತ್ತಳು. ಮೇಷ್ಟ್ರು ಬೀದಿಗೆಲ್ಲ ಸಕ್ಕರೆ ಹಂಚಿದರು. ಅಂದಿನಿಂದ ದಿನವೂ ಅಜ್ಜಿ ನಲವತ್ತಕ್ಕೆ ನಿಲ್ಲಿಸುವುದು, ಹುಡುಗಿ ನಲವತ್ತೊಂದು ಎನ್ನುವುದು. ಬೇರೆ ಎಲ್ಲಿ ನಿಲ್ಲಿಸಿದರೂ ಅವಳು ಹೇಳುತ್ತಿರಲಿಲ್ಲ. “ಅಜ್ಜಿ ಬೇಕಂತ್ಲೇ ನಿಲ್ಸಿ ಹೇಳಿಸ್ತಾಳೆ, ಜಾಣೆ!” ಎಂದು ಊರೆಲ್ಲ ಹೊಗಳಿತು. ಸರ್ವಮಂಗಳಮ್ಮ ನಗುತ್ತಿದ್ದರು, ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ.

ಈಗ ಅಜ್ಜಿಯೂ ಇಲ್ಲ, ಅಗ್ಗಣಿಯೂ ಇಲ್ಲ.

ನಾಲ್ಕನೆಯ ದಿನ ಬಿಳಿಚೋಡಿನಿಂದ ಹುಡುಗಿಯನ್ನು ಕರೆತಂದಾಗ ಅವಳ ಮುಂಗೈಯಲ್ಲಿ ಹಲ್ಲಿನ ಗುರುತುಗಳಿದ್ದವು. ಕಾರಿನಿಂದ ಇಳಿದವಳೇ ಅಡುಗೆಮನೆ, ಹಿತ್ತಿಲು, ಬಚ್ಚಲು ಎಲ್ಲ ಸುತ್ತಿಬಂದು ಮೂಲೆಯಲ್ಲಿದ್ದ ಕ್ಯಾನುಗಳನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಳು. ಮೇಷ್ಟ್ರು ಮೆಲ್ಲನೆ ಅವುಗಳನ್ನು ಬಿಡಿಸಿಕೊಂಡು, “ಇನ್ನೊಂದು ವಾರ ತಡಿಯವ್ವಾ ರಾಣವ್ವಾ. ಆಮೇಲೆ ಹೋಗೋಣ,” ಎಂದು ಅಟ್ಟದ ಮೇಲಿಟ್ಟರು. ಒಂದು ವಾರವೆಂದರೆ ಆ ಮಗುವಿಗೇನು ಗೊತ್ತು?

ಅಂದಿನಿಂದ ನಿದ್ರೆ ಹೋಯಿತು. ಮರುದಿನ ಊಟ ಬಿಟ್ಟಳು. ಆರನೆಯ ದಿನ ನಡುಮನೆಯ ಗೋಡೆಯಿಂದ ಆ ಸದ್ದು ಮತ್ತೆ ಕೇಳಿತು. ಹಳೆಯ ಗುರುತಿಗಿಂತ ಒಂದು ಗೇಣು ಮೇಲೆ ಹೊಸ ಗುರುತು ಬಿತ್ತು, ಅದರಲ್ಲಿ ಕೆಂಪು. ಏಳನೆಯ ದಿನ ತಡೆಯಲು ಹೋದ ತಾಯಿಯ ತುಟಿ ಒಡೆಯಿತು. ಮೇಷ್ಟ್ರು ಪಕ್ಕದಲ್ಲಿ ಕೂತು ನಲವತ್ತು ಎಂದು ಹೇಳಿ ಕಾದರು. ಹತ್ತು ಸಲ ಹೇಳಿದರು. ಹುಡುಗಿಯ ಬಾಯಿಂದ ಏನೂ ಬರಲಿಲ್ಲ.

ಎಂಟನೆಯ ದಿನ ವಿನಯ್ ತಂದೆಯ ಎದುರು ಬಂದು ಕೂತ. ನೆಲ ನೋಡುತ್ತ ಮಾತಾಡಿದ.

“ಅಪ್ಪಾಜಿ, ಒಂದು ವಸತಿ ಕೇಂದ್ರ ಐತಂತೆ, ದೂರದಾಗೆ. ಇಂಥ ಮಕ್ಕಳನ್ನ ಇಟ್ಕಂತಾರೆ. ಫೋನ್ ಮಾಡಿದ್ದೆ. ಆರಾಧನೆ ಮುಗಿದ ಮಾರನೇ ದಿನ ಕರ್ಕಂಡು ಬರ್ರಿ ಅಂದಾರೆ.”

“ನಮ್ಮನೆ ಮಗೀನ ಯಾರೋ ಇಟ್ಕಂತಾರೇನೋ?”

“ಮತ್ತೆ ಯಾರು ಇಟ್ಕಬೇಕು ಹೇಳ್ರಿ. ಅಮ್ಮ ಇದ್ಲು, ನಡೀತು. ರೂಪ ಮತ್ತೆ ಕೆಲಸ ಬಿಡ್ಬೇಕು. ಬಿಟ್ರೂ ಅವಳ ಕೈಲಿ ಹಿಡಿಯಾಕೆ ಆಗಲ್ಲ, ನೋಡಿದ್ರಲ್ಲ ತುಟಿ.” ಕೈಯಲ್ಲಿದ್ದ ಫೋನನ್ನು ನೆಲದ ಮೇಲಿಟ್ಟ. “ನಂಗೇನು ಸಂತೋಷ ಅಂತ ತಿಳ್ಕಂಡ್ರಾ?”

ಮೇಷ್ಟ್ರು ಎದ್ದು ದೇವರ ಮನೆಗೆ ಹೋಗಿ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕುಳಿತರು. ಹೆಂಡತಿಯನ್ನು ಕರೆದುಕೊಂಡೆ, ಸರಿ. ಮಗುವಿನ ಮೇಲಿನ ಕೈಯನ್ನೂ ಯಾಕೆ ತೆಗೆದೆ ತಂದೆ ಎಂದು ಕೇಳಿದರು. ಒಳಗೆ ಗೋಡೆಯ ಸದ್ದು ಕೇಳುತ್ತಲೇ ಇತ್ತು.

ಅದೇ ದಿನ ಮಧ್ಯಾಹ್ನ ಸುನಿತಾ ಮೇಡಂ ಮಾತಾಡಿಸಲು ಬಂದರು. ಅಜ್ಜಿಯ ಫೋಟೋಗೆ ಕೈ ಮುಗಿದು ಕಣ್ಣೊರೆಸಿಕೊಂಡವರು ಹುಡುಗಿಯ ಹಣೆ ನೋಡಿ ಗಾಬರಿಯಾದರು.

“ಮೇಷ್ಟ್ರೆ, ನೀರು ಹೊರೋದು ನಿಲ್ಸಿದ್ರಾ?”

“ಆರಾಧನೆ ಆಗೋತಂಕ ಗುಡಿಗೆ ಬ್ಯಾಡ ಅಂದ್ರು. ಹನ್ನೊಂದು ದಿನ ದೇವರು ಕಾಯ್ತಾನೆ ಅಂತ...”

“ದೇವರು ಕಾಯ್ತಾನೆ ಮೇಷ್ಟ್ರೆ, ಇವಳ ಮೈ ಕಾಯಲ್ಲ. ಗುಡಿಗೇ ಹೋಗ್ಬೇಕು ಅಂತ ಎಲ್ಲೈತೆ? ಹಿತ್ತಲಾಗೆ ಹೊರಿಸಿದ್ರೂ ನಡೀತಿತ್ತು. ಅಜ್ಜಿ ಮಳೆ ಬಂದಾಗ ಅದನ್ನೇ ಮಾಡ್ತಿರ್ಲಿಲ್ವಾ? ಈ ಪಡಸಾಲೇಲೇ ಆ ಗೋಡೆಯಿಂದ ಈ ಗೋಡೆಗೆ ಹೊರಿಸಿ, ಬಚ್ಚಲ ಹಂಡೆಗೆ ಹುಯ್ಯಿಸ್ತಿದ್ರು.”

ಮೇಷ್ಟ್ರಿಗೆ ನೆನಪಾಯಿತು. ಮಳೆಯ ದಿನ ಒಳಗೆ ಅಜ್ಜಿ ಮೊಮ್ಮಗಳು ಓಡಾಡುವುದನ್ನು ಕಂಡು, ಆಟವೆಂದುಕೊಂಡು ಪಂಚಾಂಗ ನೋಡುತ್ತ ಕೂತಿದ್ದರು.

“ಹಂಗಾರೆ ಅದು ಕಲ್ಲೇಶ್ವರನ ಕೃಪೆ ಅಲ್ವೇನವ್ವಾ?”

ಸುನಿತಾ ಹುಡುಗಿಯ ಪಕ್ಕಕ್ಕೆ ಸರಿದು ಕೂತರು. “ನಾನೂ ಒಂದ್ಸಲ ಅಜ್ಜೀನ ಕೇಳಿದ್ದೆ, ಮೇಷ್ಟ್ರಿಗೆ ಇದು ವ್ಯಾಯಾಮ ಅಂತ ಬಿಡಿಸಿ ಹೇಳಬಾರದಾ ಅಂತ. ‘ಅವರಿಗೆ ದೇವರು ಮಾಡಿದ ಅಂತ ಇರ್ಲಿ ಬಿಡವ್ವಾ. ಸುಳ್ಳೇನಲ್ಲ, ದೇವರೂ ನಾನೂ ಸೇರೇ ಮಾಡೀವಿ’ ಅಂದ್ರು.” ಅವರು ಹುಡುಗಿಯ ಬೆನ್ನ ಮೇಲೆ ಅಂಗೈಯನ್ನು ಬಲವಾಗಿ ಒತ್ತಿ ಹಿಡಿದರು. “ಇದು ವಾಸಿ ಮಾಡೋ ಔಷಧಿ ಅಲ್ಲ ಮೇಷ್ಟ್ರೆ. ದಿನಾ ಉಣ್ಣೋ ಅನ್ನ ಇದ್ದಂಗೆ. ನಿಲ್ಸಿದ್ರೆ ಹಸಿವಾಗ್ತೈತೆ, ಅಷ್ಟೇ. ಎಂಟು ದಿನದಿಂದ ಉಪವಾಸ ಐತೆ ಈ ಮಗು.”

ಐವತ್ತೊಂದು ವರ್ಷ ಜೊತೆಯಲ್ಲಿ ಬಾಳಿದವಳ ಕೆಲಸವನ್ನು ಹೊರಗಿನ ಹುಡುಗಿಯೊಬ್ಬಳ ಬಾಯಿಂದ ಕೇಳಬೇಕಾಯಿತು. ಮೇಷ್ಟ್ರು ಏಣಿ ಹಾಕಿ ತಾವೇ ಅಟ್ಟಕ್ಕೆ ಕೈ ಚಾಚಿದರು. ಎಪ್ಪತ್ತನಾಲ್ಕರ ಮಂಡಿ ಕಟಕಟ ಎಂದಿತು. ಎರಡು ಚಿಕ್ಕ ಕ್ಯಾನು ಇಳಿಸಿದರು. ಆಮೇಲೆ ಹೆಂಡತಿಯ ಕ್ಯಾನನ್ನೂ ಇಳಿಸಿದರು.

ಒಂಬತ್ತನೆಯ ದಿನ ಬೆಳಗ್ಗೆ ಆರೂವರೆಗೆ ಅಜ್ಜ ಮೊಮ್ಮಗಳು ಬಾವಿಗೆ ಬಂದರು. ಕರಿಯಕ್ಕ ಒಗೆಯುತ್ತಿದ್ದ ಬಟ್ಟೆ ಕೈಯಲ್ಲೇ ಹಿಡಿದು ನಿಂತಳು. ಹಗ್ಗ ಇಸಿದುಕೊಂಡು ತಾನೇ ನೀರು ಸೇದಿ ಮೂರು ಕ್ಯಾನೂ ತುಂಬಿದಳು.

ಸಂಧ್ಯಾರಾಣಿ ತನ್ನ ಎರಡನ್ನು ಹಿಡಿದಳು. ಆದರೆ ಮೆಟ್ಟಿಲ ಕಡೆ ಹೋಗಲಿಲ್ಲ. ಬಂದ ದಾರಿಯತ್ತ ಮುಖ ಮಾಡಿ ನಿಂತಳು. ಐದು ನಿಮಿಷವಾಯಿತು, ಹತ್ತಾಯಿತು. ಕ್ಯಾನು ಕೆಳಗಿಡಲಿಲ್ಲ. ಯಾರ ದಾರಿ ನೋಡುತ್ತಿದ್ದಾಳೆ ಎಂದು ತಿಳಿದಾಗ ಮೇಷ್ಟ್ರು ಬಾವಿಯ ಕಟ್ಟೆ ಹಿಡಿದುಕೊಂಡರು.

“ಅಜ್ಜಿ ಬರಲ್ಲ ಕಣವ್ವಾ,” ಎಂದರು. ಈ ಒಂಬತ್ತು ದಿನದಲ್ಲಿ ಯಾರೂ ಆ ಮಗುವಿಗೆ ಹೇಳಿರಲಿಲ್ಲ. “ಅಜ್ಜಿ ಶಿವನ ಹತ್ರ ಹೋದ್ಲು. ನಾನು ಬರ್ತೀನಿ. ನಂಗೆ ಅವಳಷ್ಟು ಬರಲ್ಲ. ಆದ್ರೂ ಬರ್ತೀನಿ.”

ಹೆಂಡತಿಯ ಕ್ಯಾನು ಎತ್ತಿಕೊಂಡು ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟು, “ಒಂದು,” ಎಂದರು. ಹಿಂದೆ ಸದ್ದಿಲ್ಲ. “ಎರಡು,” ಎಂದರು. ಮೂರು ಎನ್ನುವಾಗ ಹುಡುಗಿ ಅವರನ್ನು ದಾಟಿ ಮುಂದೆ ಹೋಗಿದ್ದಳು. ಅವಳ ಜಾಗ ಯಾವಾಗಲೂ ಮುಂದೆ.

ಹತ್ತಕ್ಕೆ ಮಂಡಿ ಉರಿಯಿತು. ಇಪ್ಪತ್ತಕ್ಕೆ ಬೆವರು ಕಣ್ಣಿಗಿಳಿಯಿತು. ಮೂವತ್ತರ ನಂತರ ಒಂದೊಂದು ಸಂಖ್ಯೆಯ ನಡುವೆ ಎರಡು ಉಸಿರು ಬೇಕಾಯಿತು. ಹುಡುಗಿ ಮಾತ್ರ ಹಸಿದವಳು ಉಣ್ಣುವಂತೆ ಹತ್ತುತ್ತಿದ್ದಳು. ಕ್ಯಾನಿನ ಭಾರಕ್ಕೆ ಅವಳ ಭುಜಗಳು ಇಳಿದು ಕೊರಳು ಸಡಿಲವಾಗುವುದು ಹಿಂದಿನಿಂದ ಕಾಣುತ್ತಿತ್ತು. ಎರಡು ವರ್ಷದಲ್ಲಿ ತಾವು ಒಂದು ದಿನವೂ ಈ ಮೆಟ್ಟಿಲಲ್ಲಿ ಇವರ ಹಿಂದೆ ಬಂದಿರಲಿಲ್ಲ. ಮೇಷ್ಟ್ರಿಗೆ ಆಗ ಅದು ನೆನಪಾಯಿತು.

“ಮೂವತ್ತೊಂಬತ್ತು... ನಲವತ್ತು.”

ಅಲ್ಲಿ ಮೆಟ್ಟಿಲು ಎತ್ತರ; ಕಲ್ಲು ಅರ್ಧ ಮೊಳ ಮೇಲೆದ್ದಿದೆ. ಮೇಷ್ಟ್ರ ಉಸಿರು ಅಲ್ಲಿಗೆ ನಿಂತುಹೋಯಿತು. ನಲವತ್ತೊಂದು ಎನ್ನಲು ಬಾಯಿ ತೆರೆದರೂ ಗಾಳಿಯಿರಲಿಲ್ಲ. ಕ್ಯಾನು ಇಟ್ಟು ಕೂತುಬಿಟ್ಟರು. ಕೂತವರು ಮೇಲೆ ನೋಡಿದರು. ಈಗ ಹೇಳುತ್ತಾಳೆ ಎಂದು ಆಸೆಪಟ್ಟರು.

ಹುಡುಗಿ ಹೇಳಲಿಲ್ಲ. ತನ್ನ ಎರಡು ಕ್ಯಾನುಗಳನ್ನು ಮೇಲಿನ ಮೆಟ್ಟಿಲಿನ ಎಡಗಡೆ ಜೋಡಿಸಿಟ್ಟು ಕೆಳಗಿಳಿದು ಬಂದು ಅವರ ಪಕ್ಕದಲ್ಲಿ ಕುಳಿತಳು. ಮುಖ ನೋಡಲಿಲ್ಲ. ಅವರ ಬಲಗೈಯನ್ನು ಎತ್ತಿ ಅವರ ಎದೆಯ ಎಡಭಾಗಕ್ಕೆ ತಂದು, ಅದರ ಮೇಲೆ ತನ್ನ ಎರಡು ಅಂಗೈಗಳನ್ನಿಟ್ಟು ಒತ್ತಿ ಹಿಡಿದಳು. ಹಾಗೆಯೇ ಕೂತಳು.

ಮೇಷ್ಟ್ರಿಗೆ ಮೊದಲು ಅರ್ಥವಾಗಲಿಲ್ಲ. ಈ ಮಗು ತಾನಾಗಿ ಯಾರನ್ನೂ ಮುಟ್ಟುವವಳಲ್ಲ. ಯಾರೋ ಮಾಡಿದ್ದನ್ನು ನೋಡಿದ ಹಾಗೆಯೇ, ಅದೇ ಜಾಗದಲ್ಲಿ, ಅದೇ ಕ್ರಮದಲ್ಲಿ ಮಾಡುವವಳು. ಕ್ಯಾನು ಎಡಕ್ಕೆ ಇಡುವುದು, ಇಳಿದು ಬರುವುದು, ಕೈ ಎದೆಗೆ ತರುವುದು, ಒತ್ತುವುದು. ಒಂದು ದಿನ ನೋಡಿ ಕಲಿತದ್ದಲ್ಲ ಇದು. ತಿಂಗಳುಗಟ್ಟಲೆ, ದಿನವೂ, ಈ ಕಲ್ಲಿನ ಮೇಲೆ ಒಬ್ಬಳು ಹೀಗೆ ಎದೆ ಹಿಡಿದುಕೊಂಡು ಕೂತಿದ್ದಾಳೆ. ಎಣಿಕೆ ನಲವತ್ತಕ್ಕೆ ನಿಂತದ್ದು ಜಾಣತನದಿಂದಲ್ಲ. ಮುಂದೆ ಎಣಿಸಲು ಅವಳಲ್ಲಿ ಉಸಿರಿರಲಿಲ್ಲ.

ಆ ನಿಲುಗಡೆಯೊಳಗಿಂದಲೇ ಮಗುವಿನ ಮಾತು ಹುಟ್ಟಿತ್ತು. ಆ ಮಾತಿಗೆ ತಾವು ಬೀದಿಗೆಲ್ಲ ಸಕ್ಕರೆ ಹಂಚಿದ್ದರು. ಅಜ್ಜಿ ಯಾಕೆ ನಿಲ್ಲಿಸಿದಳು ಎಂದು ಒಬ್ಬರೂ ಕೇಳಲಿಲ್ಲ. ಕಂಡಿದ್ದ ಒಂದೇ ಜೀವಕ್ಕೆ ಹೇಳಲು ಬಾಯಿರಲಿಲ್ಲ.

“ಸರ್ವೀ,” ಎಂದರು. ಮದುವೆಯಾದ ಹೊಸತರಲ್ಲಿ ಬಿಟ್ಟರೆ ಆಮೇಲೆ ಎಂದೂ ಕರೆಯದ ಹೆಸರು. “ನಂಗಾದ್ರೂ ಹೇಳಬಾರದಿತ್ತೇನೇ?”

ಉತ್ತರ ಅವರಿಗೇ ಹೊಳೆಯಿತು. ಹೇಳಿದ್ದರೆ, ದೇವರಿದ್ದಾನೆ, ನಾಳೆಯಿಂದ ಹತ್ತಬೇಡ ಎನ್ನುತ್ತಿದ್ದರು. ಮಗುವಿನ ನಿದ್ರೆ ಅಲ್ಲಿಗೆ ಮುಗಿಯುತ್ತಿತ್ತು. ಅದನ್ನು ಬಲ್ಲವಳಾದ್ದರಿಂದಲೇ ಅವಳು ಬಾಯಿ ಬಿಡಲಿಲ್ಲ.

ಎಷ್ಟು ಹೊತ್ತು ಕೂತರೋ. ಹುಡುಗಿ ಎದ್ದು ಹೋಗಿ ತನ್ನ ಕ್ಯಾನು ಹಿಡಿದಾಗ ಅವರೂ ಎದ್ದರು. ಉಳಿದ ಇಪ್ಪತ್ತನಾಲ್ಕನ್ನು ಎಣಿಸಲಿಲ್ಲ.

ಗುಡಿಯ ಮುಂದೆ ಬಸವರಾಜಪ್ಪನವರು ಹೂವಿನ ಬುಟ್ಟಿ ಹಿಡಿದು ನಿಂತಿದ್ದರು. ಪೂಜೆಯ ತಿಪ್ಪೇರುದ್ರಸ್ವಾಮಿಯವರು ಒಳಗೆ ದೀಪದ ಬತ್ತಿ ಸರಿಮಾಡುತ್ತಿದ್ದರು.

“ಏನ್ ಮೇಷ್ಟ್ರೆ ಇದು? ಇನ್ನೆರಡು ದಿನ ತಡಕಂಡಿದ್ರೆ ಗುಡ್ಡ ಓಡಿ ಹೋಗ್ತಿತ್ತಾ?”

“ಗುಡ್ಡ ಎಲ್ಲಿಗೆ ಹೋಗ್ತೈತೆ ಬಸವರಾಜಪ್ಪಾರೆ? ಮಗು ಹೋಗ್ತೈತೆ.” ಮೇಷ್ಟ್ರು ಬಾಗಿಲ ಕಂಬಕ್ಕೆ ಒರಗಿಕೊಂಡರು. “ನಿಮ್ಮಪ್ಪಾರು ಹೋದಾಗ ನಿಮ್ಮನೆ ಜಗಲಿ ಮ್ಯಾಲೆ ಕೂತು ನಾನೇನು ಹೇಳಿದ್ದೆ, ನೆನಪೈತಾ?”

“ಐತೆ, ಇಲ್ದೇ ಏನು. ಸೂತಕ ಇಲ್ಲ ಅಂದಿದ್ರಿ.”

“ಅದನ್ನ ಊರಿಗೆಲ್ಲ ಹೇಳಿದೆ. ನನ್ನ ಮನೆಗೆ ಬಂದಾಗ ಜನರ ಬಾಯಿಗೆ ಹೆದರಿದೆ. ತಪ್ಪು ನಿಮ್ದಲ್ಲ, ನಂದು. ಮೂರು ದಿನ ಈ ಕೂಸು ಗ್ವಾಡೆಗೆ ಹಣೆ ಚಚ್ಕಂಡಿದ್ದು ನನ್ನ ಪುಕ್ಕಲುತನಕ್ಕೆ.”

ಇವರು ಮಾತಾಡುತ್ತಿದ್ದಂತೆಯೇ ಹುಡುಗಿ ಯಾರನ್ನೂ ಕೇಳದೆ, ದಿನವೂ ಮಾಡುತ್ತಿದ್ದ ಹಾಗೆ ಬಾಗಿಲ ಬಳಿಯ ಹಂಡೆಗೆ ಎರಡು ಕ್ಯಾನು ನೀರನ್ನೂ ಸುರಿದಳು. ಬಸವರಾಜಪ್ಪ “ಏಯ್, ತಡಿ...” ಎನ್ನುವಷ್ಟರಲ್ಲಿ ನೀರು ಬಿದ್ದಾಗಿತ್ತು. ಅವಳ ಹಣೆಯ ಹಸಿ ಗಾಯ ಅವರ ಕಣ್ಣಿಗೆ ಬಿದ್ದದ್ದು ಆಗಲೇ. ಬುಟ್ಟಿ ಹಿಡಿದುಕೊಂಡೇ ಅತ್ತ ತಿರುಗಿದರು. ತಿಪ್ಪೇರುದ್ರಸ್ವಾಮಿಯವರು ಹೊರಗೆ ಬಂದು ಹಂಡೆಯಿಂದ ಒಂದು ಚೊಂಬು ತುಂಬಿಕೊಂಡು ಒಳಗೆ ಹೋದರು. ಲಿಂಗದ ಮೇಲೆ ನೀರು ಬೀಳುವ ಸದ್ದು ಕೇಳಿತು.

ಅಂದು ಸಂಧ್ಯಾರಾಣಿ ಅರ್ಧ ರೊಟ್ಟಿ ತಿಂದಳು. ಹತ್ತನೆಯ ದಿನ ಹತ್ತಿಬಂದ ಮೇಲೆ, ಮಧ್ಯಾಹ್ನ, ಅಜ್ಜಿಯ ಹಳೆಯ ಚಾಪೆಯ ಮೇಲೆ ಅವಳಿಗೆ ನಿದ್ರೆ ಹತ್ತಿತು. ರೂಪಶ್ರೀ ಸದ್ದಾಗದಂತೆ ಬಾಗಿಲ ಬಳಿ ಕೂತು ಮಗಳ ಹೊಟ್ಟೆ ಏರಿಳಿಯುವುದನ್ನು ನೋಡಿದಳು. ಆರಾಧನೆ ಮುಗಿದ ಸಂಜೆ ವಿನಯ್ ಆ ಕೇಂದ್ರಕ್ಕೆ ಫೋನ್ ಮಾಡಿ, ಈಗ ಬರುವುದಿಲ್ಲ ಎಂದ. “ಒಂದು ತಿಂಗಳು ನೋಡ್ತೀನಿ ಅಪ್ಪಾಜಿ. ನಿಮಗೆ ಏನಾದ್ರೂ ಆದ್ರೆ...” ಎಂದವನು ಮರುದಿನ ಡಾಕ್ಟರ ಹತ್ತಿರ ಕರೆದೊಯ್ದು ತಂದೆಯ ಎದೆ ಪರೀಕ್ಷೆ ಮಾಡಿಸಿದ. ಅಮ್ಮನಿಗೆ ಮಾಡಿಸಬೇಕಾಗಿದ್ದು ಎಂದು ಅವನು ಅನ್ನಲಿಲ್ಲ, ಅವರೂ ಅನ್ನಲಿಲ್ಲ. ನಲವತ್ತನೆಯ ಮೆಟ್ಟಿಲಿನ ವಿಷಯವನ್ನು ಮೇಷ್ಟ್ರು ಅವನಿಗೆ ಇವತ್ತಿನವರೆಗೂ ಹೇಳಿಲ್ಲ.

ಈಗ ರೂಪಶ್ರೀ ಅರ್ಧ ಗಂಟೆ ಮೊದಲು ಎದ್ದು ಅತ್ತೆಯ ಕ್ಯಾನು ಹಿಡಿದು ಮಗಳ ಜೊತೆ ಹತ್ತುತ್ತಾಳೆ. ಇಳಿದು ಬಂದು ನ್ಯಾಮತಿಯ ಬಸ್ಸು ಹಿಡಿಯುತ್ತಾಳೆ. ಮೇಷ್ಟ್ರು ಬರಿಗೈಯಲ್ಲಿ ನಲವತ್ತನೆಯ ಮೆಟ್ಟಿಲವರೆಗೆ ಬರುತ್ತಾರೆ. ಅಲ್ಲಿಗೆ ಅವರ ಗುಡಿ.

ಎಣಿಸುವ ಕೆಲಸ ಅವರದು. ನಲವತ್ತು ಎಂದು ನಿಲ್ಲಿಸಿ ಕಲ್ಲಿನ ಮೇಲೆ ಕೂರುತ್ತಾರೆ. ಹುಡುಗಿ ಕ್ಯಾನುಗಳನ್ನು ಎಡ ಬದಿಗಿಟ್ಟು ಇಳಿದು ಬಂದು, ಅವರ ಕೈಯನ್ನು ಅವರ ಎದೆಗೆ ಒತ್ತಿ ಹಿಡಿಯುತ್ತಾಳೆ. ಅವರು ಮುಂದಿನ ಸಂಖ್ಯೆಯನ್ನು ಹೇಳದೆ ಕಾಯುತ್ತಾರೆ. ಎರಡು ತಿಂಗಳಾಯಿತು. ಆ ಮಾತು ಮತ್ತೆ ಬಂದಿಲ್ಲ. ಬರಬಹುದು, ಬಾರದೆಯೂ ಇರಬಹುದು ಎಂದು ಸುನಿತಾ ಮೇಡಂ ಹೇಳಿದ್ದಾರೆ.

ಮೇಲಿನಿಂದ ರೂಪಶ್ರೀ ಕೂಗುತ್ತಾಳೆ: “ಮಾವಾರೇ, ಕಳಿಸ್ರಿ ಅವಳನ್ನ. ಬಸ್ಸಿಗೆ ಹೊತ್ತಾತು.”

“ಇನ್ನೊಂದು ಗಳಿಗೆ ತಡಿಯವ್ವಾ,” ಎನ್ನುತ್ತಾರೆ ಮೇಷ್ಟ್ರು.